ಟವರಿನ ಇಂಗ್ಲಿಷಿನಲ್ಲಿ ಯಜಮಾನ ಯಾರು?

ಅಣ್ಣನ ಮಗ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಮೊನ್ನೆ ರೆಸ್ಯೂಮೆ ಕಳಿಸಿ, "ಅತ್ತೆ, ಇಂಗ್ಲಿಷ್ ಒಂಚೂರು ನೋಡಿ ಕೊಡಿ" ಅಂದ. ಓದುತ್ತಾ ಹೋದೆ. ಸ್ಪಿಯರ್‌ಹೆಡೆಡ್, ಆರ್ಕೆಸ್ಟ್ರೇಟೆಡ್, ಓವರ್‌ಸಾ, ಚಾಂಪಿಯನ್ಡ್, ಡ್ರೋವ್. ಹುಡುಗ ಮಾಡಿದ್ದು ಇಷ್ಟು: ಗೆಳೆಯರ ಜೊತೆ ಸೇರಿ ಹಾಸ್ಟೆಲ್ಲಿನ ನೀರಿನ ಟ್ಯಾಂಕಿಗೆ ಒಂದು ಸೆನ್ಸರ್ ಕೂರಿಸಿದ್ದ. ಓದಿದವರಿಗೆ ಮಾತ್ರ ದಂಡು ಕಟ್ಟಿಕೊಂಡು ಚಿತ್ರದುರ್ಗದ ಕೋಟೆಗೆ ಲಗ್ಗೆ ಹಾಕಿದ ಹಾಗಿತ್ತು. "ಇವೆಲ್ಲ ಯಾಕೋ?" ಅಂದರೆ, "ಲೀಡರ್‌ಶಿಪ್ ವರ್ಡ್ಸ್ ಇರಲೇಬೇಕಂತೆ ಅತ್ತೆ. ಇಲ್ಲದಿದ್ರೆ ಕಂಪ್ಯೂಟರೇ ಎತ್ತಿ ಆಚೆ ಹಾಕತ್ತಂತೆ" ಅಂದ.

ಇರಬಹುದು, ನಾನು ವಾದ ಮಾಡಲಿಲ್ಲ. ಕಾಗುಣಿತ ತಿದ್ದಿ ಕಳಿಸಿದೆ. ಆದರೆ ಆಮೇಲೆ ಅದೇ ತಲೆಯಲ್ಲಿ ಸುತ್ತುತ್ತಿತ್ತು. ನಾನು ಅನ್ನ ತಿನ್ನುವುದೇ ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟು. ಏರ್ ಟ್ರಾಫಿಕ್ ಕಂಟ್ರೋಲರ್ ಅನ್ನುತ್ತಾರೆ. ಹೆಸರಲ್ಲೇ ಕಂಟ್ರೋಲ್ ಇದೆ. ಪಾಳಿ ಮುಗಿಯುವವರೆಗೆ ವಿಮಾನಗಳಿಗೆ ನಿಲ್ಲು, ತಿರುಗು, ಏರು, ಇಳಿ ಅಂತ ಹೇಳುತ್ತಲೇ ಇರುತ್ತೇನೆ. ನೂರಾರು ಟನ್ ತೂಕದ ಯಂತ್ರಗಳು ಹೇಳಿದ ಹಾಗೆ ಕೇಳುತ್ತವೆ. ಅಷ್ಟಿದ್ದರೂ ಹುಡುಗನ ರೆಸ್ಯೂಮೆಯಲ್ಲಿದ್ದ ಒಂದು ಪದವನ್ನೂ ನಾನು ಯಾವತ್ತೂ ಮೈಕಿನಲ್ಲಿ ಆಡಿಲ್ಲ.

ನಮ್ಮ ಇಂಗ್ಲಿಷು ಬಹಳ ಬಡವ. ಇಂಥ ಸಂದರ್ಭಕ್ಕೆ ಇಂಥದ್ದೇ ಪದ ಅಂತ ಐಸಿಎಒ, ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಬರೆದಿಟ್ಟಿದೆ. ಅದರಲ್ಲಿ ಪ್ಲೀಸ್ ಇಲ್ಲ, ಕೈಂಡ್ಲಿ ಇಲ್ಲ, ಕುಡ್ ಯು ಇಲ್ಲ. ಹೋಲ್ಡ್ ಪೊಸಿಷನ್ ಅಂದರೆ ಇದ್ದಲ್ಲೇ ನಿಲ್ಲು. ಹೋಲ್ಡ್ ಶಾರ್ಟ್ ಅಂದರೆ ರನ್‌ವೇಗೆ ಮೊದಲೇ ನಿಲ್ಲು, ಗೆರೆ ದಾಟಬೇಡ. ಅಲಹಾಬಾದಿನ ಬಮ್ರೌಲಿಯಲ್ಲಿ ತರಬೇತಿಯಲ್ಲಿದ್ದಾಗ ನಮ್ಮ ಬ್ಯಾಚಿನ ಒಬ್ಬ ಹುಡುಗ ಸಿಮ್ಯುಲೇಟರಿನಲ್ಲಿ "ಕೈಂಡ್ಲಿ ಹೋಲ್ಡ್ ಪೊಸಿಷನ್, ಸರ್" ಅಂದುಬಿಟ್ಟ. ಮೇಷ್ಟ್ರು ಇಡೀ ಕಸರತ್ತು ನಿಲ್ಲಿಸಿ, "ನೀನೇನು ರಜೆ ಅರ್ಜಿ ಬರೀತಿದ್ದೀಯಾ?" ಅಂತ ಕೇಳಿದರು. ಎಲ್ಲರೂ ನಕ್ಕೆವು. ಮನೆಯಲ್ಲಿ, ಶಾಲೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ನಾವು ಕಲಿತ ಇಂಗ್ಲಿಷೆಲ್ಲ ಅರ್ಜಿಯ ಇಂಗ್ಲಿಷೇ. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್. ಬೇಡುವುದಕ್ಕೆ ಅಂತಲೇ ಕಲಿತ ಭಾಷೆಯಲ್ಲಿ ಅಪ್ಪಣೆ ಕೊಡು ಅಂದರೆ ನಾಲಿಗೆ ತೊಡರುತ್ತದೆ. ಅದರಲ್ಲೂ ಇಪ್ಪತ್ಮೂರರ ಹುಡುಗಿ, ಆ ಕಡೆ ಗಡಸು ದನಿಯ ನಾಲ್ಕು ಪಟ್ಟಿ ಕ್ಯಾಪ್ಟನ್ನು.

ಈಗಲೂ ನಮ್ಮ ಆಕಾಶದಲ್ಲಿ ನಮಸ್ಕಾರ್, ಗುಡ್ ಈವ್ನಿಂಗ್, ಸರ್, ಮ್ಯಾಮ್ ಎಲ್ಲ ಓಡಾಡುತ್ತವೆ. ಪುಸ್ತಕದಲ್ಲಿಲ್ಲ, ಆದರೆ ಇರಲಿ. ಬೆಳಗಿನ ಜಾವ ಒಂದು ನಮಸ್ಕಾರ ಕಿವಿಗೆ ಬಿದ್ದರೆ ಯಾರಿಗೂ ನಷ್ಟವಿಲ್ಲ. ಅಪ್ಪಣೆಯ ಒಳಗೆ ಅದು ನುಸುಳಬಾರದು, ಅಷ್ಟೇ.

ಹೊರಗಿನವರು ಬಹಳ ಸಲ ತಪ್ಪು ತಿಳಿಯುವ ಒಂದು ಪದದ ಬಗ್ಗೆ ಹೇಳಬೇಕು. ಸಿನಿಮಾದಲ್ಲಿ ಎಲ್ಲರೂ ರೋಜರ್ ಅನ್ನುತ್ತಾರಲ್ಲ, ಅದರ ಅರ್ಥ ಸರಿ ಎಂದಲ್ಲ, ಆಯ್ತು ಎಂದೂ ಅಲ್ಲ. ನೀವು ಹೇಳಿದ್ದು ಪೂರ್ತಿ ಕೇಳಿಸಿತು, ಅಷ್ಟೇ. ಹಳೆಯ ಅಕ್ಷರಪಟ್ಟಿಯಲ್ಲಿ ಆರ್ ಅಕ್ಷರಕ್ಕೆ ರೋಜರ್ ಅಂತ ಹೆಸರಿತ್ತು. ರಿಸೀವ್ಡ್ ಎಂಬುದರ ಮೊದಲಕ್ಷರ. ಕೇಳಿಸಿತು, ಹಾಗೇ ಮಾಡುತ್ತೇನೆ ಅನ್ನಲು ಬೇರೆ ಪದವಿದೆ, ವಿಲ್ಕೋ. ಸ್ಟ್ಯಾಂಡ್ ಬೈ ಅಂದರೆ ಕಾಯಿರಿ, ನಾನೇ ಕರೆಯುತ್ತೇನೆ. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಇನ್ನು ಕ್ಲಿಯರ್ಡ್, ಅಂದರೆ ಅನುಮತಿ ಇದೆ. ಇದೊಂದನ್ನು ನಾವು ಚಿನ್ನ ತೂಗಿದ ಹಾಗೆ ಬಳಸುತ್ತೇವೆ. ಕಂಟಿನ್ಯೂ ಅಪ್ರೋಚ್ ಅಂದರೆ ಬರುತ್ತಾ ಇರು ಅಂತ ಮಾತ್ರ. ಕ್ಲಿಯರ್ಡ್ ಟು ಲ್ಯಾಂಡ್ ಅನ್ನುವವರೆಗೆ ಚಕ್ರ ನೆಲ ಮುಟ್ಟುವ ಹಾಗಿಲ್ಲ. ರನ್‌ವೇಗೆ ಸಂಬಂಧಿಸಿದ ಯಾವ ಮಾತಾದರೂ ಪೈಲಟ್ ಅದನ್ನೇ ತಿರುಗಿ ನನಗೆ ಒಪ್ಪಿಸಬೇಕು. ಒಪ್ಪಿಸಿದ್ದರಲ್ಲಿ ತಪ್ಪಿದ್ದರೆ ಹಿಡಿಯುವುದು ನನ್ನ ಕೆಲಸ.

ಇಷ್ಟು ಮಡಿ ಯಾಕೆ ಅಂದರೆ 1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪ, ಲೊಸ್ ರೊಡೆಯೊಸ್ ವಿಮಾನ ನಿಲ್ದಾಣ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದು ವಿಮಾನಗಳೆಲ್ಲ ಇಲ್ಲಿಗೆ ಬಂದು ತುಂಬಿಕೊಂಡಿದ್ದವು. ಮಂಜು ಕವಿದಿತ್ತು. ಡಚ್ ಕಂಪನಿ ಕೆಎಲ್‌ಎಂನ ಬೋಯಿಂಗ್ 747 ವಿಮಾನ ರನ್‌ವೇಯ ತುದಿಯಲ್ಲಿ ನಿಂತಿತ್ತು. ಅದೇ ರನ್‌ವೇ ಮೇಲೆ ಅಮೆರಿಕದ ಪ್ಯಾನ್ ಆ್ಯಮ್‌ನ ಇನ್ನೊಂದು 747 ಇನ್ನೂ ಸಾಗಿ ಬರುತ್ತಿತ್ತು. ಕೆಎಲ್‌ಎಂ ಕ್ಯಾಪ್ಟನ್ ಸಾಮಾನ್ಯದವರಲ್ಲ, ಕಂಪನಿಯ ಹಿರಿಯ ತರಬೇತುದಾರ, ಜಾಹೀರಾತಿನಲ್ಲಿ ಮುಖ ಬಂದವರು. ಪಕ್ಕದಲ್ಲಿದ್ದ ಕೋ-ಪೈಲಟ್‌ಗೆ 747 ಹಾರಿಸಲು ಅರ್ಹತೆ ಕೊಟ್ಟವರೂ ಅವರೇ. ಅವರು ಎಂಜಿನ್ನಿಗೆ ಬಲ ಕೊಡಲು ಹೊರಟಾಗ ಕೋ-ಪೈಲಟ್ ತಡೆದರು: ಇನ್ನೂ ಅನುಮತಿ ಬಂದಿಲ್ಲ. ಗೊತ್ತು, ಕೇಳು ಅಂದರು ಕ್ಯಾಪ್ಟನ್. ಕಂಟ್ರೋಲರ್ ಕೂರುವ ಟವರ್‌ನಿಂದ ಬಂದದ್ದು ಹಾರಿದ ಮೇಲೆ ಯಾವ ದಾರಿ ಹಿಡಿಯಬೇಕು ಎಂಬ ಅನುಮತಿ, ಹಾರುವ ಅನುಮತಿಯಲ್ಲ. ಆದರೆ ಅದರೊಳಗೂ ಟೇಕಾಫ್ ಎಂಬ ಪದ ಇತ್ತು. ಕ್ಯಾಪ್ಟನ್ ಹೊರಟೇಬಿಟ್ಟರು. ಕೋ-ಪೈಲಟ್ ಎರಡನೇ ಸಲ ತಡೆಯಲಿಲ್ಲ. ಬದಲಿಗೆ ರೇಡಿಯೋದಲ್ಲಿ "ವೀ ಆರ್ ನೌ ಅಟ್ ಟೇಕಾಫ್" ಅಂದರು. ಓಡುತ್ತಿದ್ದೇವೆ ಅಂತಲೋ, ಓಡಲು ತಯಾರಾಗಿದ್ದೇವೆ ಅಂತಲೋ? ಟವರ್‌ನವರು ಎರಡನೆಯದು ಅಂದುಕೊಂಡು "ಓಕೆ" ಅಂದರು. ಕಾಯಿರಿ, ನಾನೇ ಕರೆಯುತ್ತೇನೆ ಎಂಬ ಮುಂದಿನ ಮಾತು, ಅದೇ ಕ್ಷಣಕ್ಕೆ ಪ್ಯಾನ್ ಆ್ಯಮ್ ಕೂಡ ಮಾತಾಡಿದ್ದರಿಂದ, ಕಿರ್ರೆಂಬ ಸದ್ದಿನಲ್ಲಿ ಕಲಸಿಹೋಯಿತು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್‌ಗೆ ಮಾತ್ರ ಅನುಮಾನ ಬಂತು. ಆ ಪ್ಯಾನ್ ಅಮೆರಿಕನ್ ಇನ್ನೂ ಹೊರಗೆ ಹೋಗಿಲ್ಲವೇ ಅಂತ ಕೇಳಿದರು. ಹೋಗಿದೆ ಅಂದರು ಕ್ಯಾಪ್ಟನ್, ಒತ್ತಿ. ಎಂಜಿನಿಯರ್ ಸುಮ್ಮನಾದರು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.

ಆಮೇಲೆ ನಮ್ಮ ಪುಸ್ತಕ ಬದಲಾಯಿತು. ಟೇಕಾಫ್ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ರದ್ದು ಮಾಡುವಾಗ ಮಾತ್ರ ಆಡಬೇಕು. ಉಳಿದಂತೆ ಡಿಪಾರ್ಚರ್. ನಾನು ಇವತ್ತಿಗೂ ಬೇರೆ ಯಾವುದೇ ಸಂದರ್ಭದಲ್ಲಿ ಆ ಪದ ಬಾಯಿಗೆ ಬಂದರೆ ನುಂಗಿಕೊಳ್ಳುತ್ತೇನೆ, ಮನೆಯಲ್ಲಿ ಮಾತಾಡುವಾಗ ಕೂಡ.

ಪದ ತಿದ್ದುವುದು ಸುಲಭದ ಭಾಗ. ಕಷ್ಟದ್ದು ಆ ಎಂಜಿನಿಯರ್ ಕೇಳಿದ ರೀತಿ. ಅವರು ಪ್ರಶ್ನೆ ಕೇಳಿದರು, ನಿಲ್ಲಿಸಿ ಅನ್ನಲಿಲ್ಲ.

ಕನ್ನಡದಲ್ಲಿ ನಮಗೆ ಇದು ಹೊಸದೇನಲ್ಲ. ನಮ್ಮಲ್ಲಿ ಮೇಲಿನವರು ಅಪ್ಪಣೆಯನ್ನೂ ಮುಚ್ಚಿ ಕೊಡುತ್ತಾರೆ. "ಆ ಫೈಲ್ ಇವತ್ತು ಮುಗಿಸೋಣ" ಅಂದರೆ ನೀನು ಮುಗಿಸು ಅಂತ. ಕೆಳಗಿನವರು ಇಲ್ಲ ಅನ್ನುವುದನ್ನು ಅದಕ್ಕಿಂತ ಚೆನ್ನಾಗಿ ಮುಚ್ಚುತ್ತಾರೆ. "ನೋಡ್ತೀನಿ ಸರ್" ಅಂದರೆ ಆಗಲ್ಲ. "ಪ್ರಯತ್ನ ಮಾಡ್ತೀನಿ" ಅಂದರೆ ಖಂಡಿತ ಆಗಲ್ಲ. ಎರಡೂ ಕಡೆಯವರಿಗೆ ಗೊತ್ತಿರುವುದರಿಂದ ಸಂಸಾರ ನಡೆಯುತ್ತದೆ. ನನಗೆ ಈ ಮುಚ್ಚುಮರೆ ಇಷ್ಟ, ಅದರಲ್ಲೊಂದು ದಾಕ್ಷಿಣ್ಯ ಇದೆ. ಆದರೆ ಅದಕ್ಕೆ ಸಮಯ ಬೇಕು. ನಿಮಿಷಕ್ಕೆ ನಾಲ್ಕೈದು ಕಿಲೋಮೀಟರ್ ಓಡುವ ವಿಮಾನಕ್ಕೆ ಅಷ್ಟು ಪುರುಸೊತ್ತಿಲ್ಲ.

ಅದಕ್ಕೇ ನಮ್ಮ ಬಡ ಇಂಗ್ಲಿಷಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅಪ್ಪಣೆಯ ಪದವಲ್ಲ, ಅಪ್ಪಣೆಯನ್ನು ನಿರಾಕರಿಸುವ ಪದ: ಅನೇಬಲ್. ನಾನು ಬಲಕ್ಕೆ ತಿರುಗು ಅನ್ನುತ್ತೇನೆ. ಮುಂದೆ ಗುಡುಗಿನ ಮೋಡ ಇದ್ದರೆ ಪೈಲಟ್ "ಅನೇಬಲ್ ಡ್ಯೂ ವೆದರ್" ಅನ್ನುತ್ತಾರೆ. ಕ್ಷಮಿಸಿ ಇಲ್ಲ, ಉದ್ದ ವಿವರಣೆ ಇಲ್ಲ, ಸರ್ ಇಲ್ಲ. ನನಗೂ ಬೇಜಾರಿಲ್ಲ, ಬೇರೆ ದಾರಿ ಹುಡುಕಿ ಕೊಡುತ್ತೇನೆ. ಐಸಿಎಒದ ನಿಯಮ ಸ್ಪಷ್ಟ: ವಿಮಾನದ ವಿಷಯದಲ್ಲಿ ಕೊನೆಯ ಮಾತು ಪೈಲಟ್-ಇನ್-ಕಮಾಂಡ್‌ನದು. ನನ್ನ ಹುದ್ದೆಯ ಹೆಸರಿನಲ್ಲಿ ಕಂಟ್ರೋಲ್ ಇದ್ದರೂ ಕಮಾಂಡ್ ಇರುವುದು ಅವರ ಹೆಸರಿನಲ್ಲಿ. ಹೊಸದಾಗಿ ಸೇರಿದವರಿಗೆ ಇದು ಸ್ವಲ್ಪ ಚುಚ್ಚುತ್ತದೆ. ಮುಂಗಾರು ಕಳೆದು ಹಿಂಗಾರಿಗೆ ಮೊದಲಿನ ಗುಡುಗುಮಳೆಯ ಒಂದು ಸಂಜೆ ಪಾಳಿ ಮಾಡಿದರೆ ಆ ಚುಚ್ಚು ತಾನಾಗಿ ಹೋಗುತ್ತದೆ. ಸಾಲಾಗಿ ನಾಲ್ಕು ವಿಮಾನ ಅನೇಬಲ್ ಅಂದಾಗ ಇವರು ನನ್ನ ಮಾತು ಕೇಳುತ್ತಿಲ್ಲ ಅಂತ ಅನಿಸುವುದಿಲ್ಲ. ಅಲ್ಲಿ ಏನೋ ಇದೆ, ನನ್ನ ಪರದೆಗೆ ಕಾಣುತ್ತಿಲ್ಲ ಅಂತ ಅನಿಸುತ್ತದೆ.

ಆ ಪದ, ಅಥವಾ ಅದಕ್ಕಿಂತ ಗಟ್ಟಿಯಾದ, ಪ್ರಾಣಾಪಾಯದಲ್ಲಿ ಕೂಗುವ ಮೇಡೇ, ಬಾಯಿಗೆ ಬಾರದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ತರಗತಿಯಲ್ಲಿ ಯಾವಾಗಲೂ ಹೇಳುವ ಕತೆ ಅವಿಯಾಂಕಾ 52. 1990ರ ಜನವರಿ 25, ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಬೋಯಿಂಗ್ 707. ಹವೆ ಕೆಟ್ಟು, ದಟ್ಟಣೆ ಹೆಚ್ಚಿ, ಒಂದು ಗಂಟೆಗೂ ಮೀರಿ ಗಾಳಿಯಲ್ಲೇ ಸುತ್ತು ಹಾಕಿಸಿದ್ದರು. ಮೊದಲ ಸಲ ಇಳಿಯಲು ಹೋಗಿ ಆಗಲಿಲ್ಲ. ಕ್ಯಾಪ್ಟನ್ ಸ್ಪ್ಯಾನಿಷಿನಲ್ಲಿ ಕೋ-ಪೈಲಟ್‌ಗೆ ಹೇಳುತ್ತಲೇ ಇದ್ದರು: ನಾವು ಎಮರ್ಜೆನ್ಸಿಯಲ್ಲಿದ್ದೇವೆ ಅಂತ ಅವರಿಗೆ ತಿಳಿಸು. ಕೋ-ಪೈಲಟ್ ಇಂಗ್ಲಿಷಿನಲ್ಲಿ ತಿಳಿಸಿದ್ದು: ಮತ್ತೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಾ ಬಂದಿದೆ. ಕಂಟ್ರೋಲರ್ ಇನ್ನೊಂದು ಸುತ್ತಿಗೆ ದೂರ ಕರೆದೊಯ್ಯುತ್ತಾ, ನಿಮಗೂ ನಿಮ್ಮ ಇಂಧನಕ್ಕೂ ಇದು ಸರಿಹೋಗುತ್ತದೆಯೇ ಅಂತ ಕೇಳಿದರು. ಬಂದ ಉತ್ತರ: "ಐ ಗೆಸ್ ಸೋ. ಥ್ಯಾಂಕ್ಯೂ ವೆರಿ ಮಚ್." ಸ್ವಲ್ಪ ಹೊತ್ತಿಗೆ ಎಂಜಿನ್ನುಗಳು ಒಂದೊಂದಾಗಿ ಆರಿ ವಿಮಾನ ಲಾಂಗ್ ಐಲೆಂಡಿನ ಕೋವ್ ನೆಕ್‌ನಲ್ಲಿ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು. ನ್ಯೂಯಾರ್ಕಿನಂಥ ಆಕಾಶದಲ್ಲಿ ಇಂಧನ ಕಡಿಮೆ ಇದೆ ಅನ್ನುವವರು ಆ ಸಂಜೆ ಎಷ್ಟೋ ಜನ ಇದ್ದಿರಬೇಕು. ಎಮರ್ಜೆನ್ಸಿ ಅಂದಿದ್ದರೆ ಮಾತ್ರ ಸಾಲು ಮುರಿದು ದಾರಿ ಬಿಡುತ್ತಿದ್ದರು. ಆ ಥ್ಯಾಂಕ್ಯೂ ವೆರಿ ಮಚ್ ಕೇಳಿದಾಗಲೆಲ್ಲ ನನಗೆ ನಮ್ಮೂರ ಹುಡುಗರೇ ನೆನಪಾಗುತ್ತಾರೆ. ದಾವಣಗೆರೆಯ ಯಾವ ಹುಡುಗ ಬೇಕಾದರೂ ಹಾಗೇ ಹೇಳಿರುತ್ತಿದ್ದ.

ಇನ್ನು ನಮ್ಮದೇ ನೆಲದ್ದು. ಅದನ್ನು ಬಿಟ್ಟು ಈ ವಿಷಯ ಬರೆಯಲು ನನ್ನಿಂದ ಆಗುವುದಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ಮಂಗಳೂರಿನ ಬಜ್ಪೆಯಲ್ಲಿ ಇಳಿಯಿತು. ಗುಡ್ಡದ ನೆತ್ತಿ ಕಡಿದು ಮಾಡಿದ ನಿಲ್ದಾಣ ಅದು, ಟೇಬಲ್ ಟಾಪ್ ಅನ್ನುತ್ತಾರೆ. ರನ್‌ವೇ ಮುಗಿದರೆ ಕಣಿವೆ. ವಿಮಾನದಲ್ಲಿ 166 ಜನ. 158 ಜನ ತೀರಿಕೊಂಡರು, ಎಂಟು ಜನ ಉಳಿದರು. ಆ ದಿನ ಟಿವಿಯಲ್ಲಿ ನೋಡಿದ್ದು ಕರಾವಳಿಯವರಿಗೆ ಯಾರಿಗೂ ಮರೆತಿರಲಾರದು. ನಾನು ಹೇಳಬೇಕಿರುವುದು ಆಮೇಲೆ ಬಂದ ತನಿಖಾ ವರದಿಯ ವಿಚಾರ. ನಮ್ಮ ಕೆಲಸದವರು ಅದನ್ನು ಸಾಲು ಸಾಲಾಗಿ ಓದಿದ್ದೇವೆ.

ವಿಮಾನ ತೀರ ಎತ್ತರದಲ್ಲಿ, ತೀರ ವೇಗವಾಗಿ ಬಂತು. ಮಂಗಳೂರಿನ ರೇಡಾರ್ ಆಗ ಕೆಟ್ಟಿತ್ತು, ಹಾಗಾಗಿ ಎತ್ತರ ತಗ್ಗಿಸಲು ಅನುಮತಿ ಸಿಕ್ಕಿದ್ದೇ ನಿಲ್ದಾಣಕ್ಕೆ ಮಾಮೂಲಿಗಿಂತ ಹತ್ತಿರದಲ್ಲಿ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿ ಎದ್ದಿದ್ದರು. ಆ ಜಡ ಇನ್ನೂ ಇಳಿದಿರಲಿಕ್ಕಿಲ್ಲ ಎನ್ನುತ್ತದೆ ವರದಿ. ನೆಲ ಹತ್ತಿರ ಬಂತೆಂದು ಯಂತ್ರ ಮತ್ತೆ ಮತ್ತೆ ಎಚ್ಚರಿಸಿತು. ಕೋ-ಪೈಲಟ್ ಮೂರು ಸಲ ಗೋ ಅರೌಂಡ್ ಅಂದರು. ಇಳಿಯಬೇಡ, ಮತ್ತೆ ಮೇಲೇರು ಎಂದರ್ಥ. ಹೀಗೆ ಹೇಳುವುದಕ್ಕೆಂದೇ ಇರುವ, ಯಾವ ಮುಚ್ಚುಮರೆಯೂ ಇಲ್ಲದ ಪದ. ಅವರು ಟೆನೆರೀಫ್‌ನ ಎಂಜಿನಿಯರ್ ಹಾಗೆ ಪ್ರಶ್ನೆ ಕೇಳಲಿಲ್ಲ, ಅವಿಯಾಂಕಾದವರ ಹಾಗೆ ಸೂಚನೆ ಕೊಟ್ಟು ಸುಮ್ಮನಾಗಲಿಲ್ಲ. ಹೇಳಬೇಕಾದ್ದನ್ನೇ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು.

ಹಾಗಾದರೆ ಕೋ-ಪೈಲಟ್ ತಾನೇ ಹಿಡಿತ ತೆಗೆದುಕೊಂಡು ವಿಮಾನ ಎತ್ತಲಿಲ್ಲವೇಕೆ? ಆ ಪ್ರಶ್ನೆಗೂ ವರದಿಯಲ್ಲಿ ಉತ್ತರವಿದೆ. ಗೋ ಅರೌಂಡ್ ಶುರು ಮಾಡಲು ಕೋ-ಪೈಲಟ್‌ಗೆ ಅಧಿಕಾರ ಕೊಡುವ ಬೇರೆ ಬೇರೆ ಸೂಚನೆಗಳಲ್ಲೇ ಗೊಂದಲ ಇತ್ತು, ಬಹುಶಃ ಅದಕ್ಕೇ ಅವರು ಕೂಗಿ ಹೇಳಿದರೇ ಹೊರತು ಕೈ ಹಾಕಲಿಲ್ಲ ಎನ್ನುತ್ತದೆ. ಈ ಸಾಲು ಓದಿ ನಾನು ಪುಸ್ತಕ ಮುಚ್ಚಿ ಎದ್ದು ಹೋಗಿದ್ದೆ. ಹೇಳುವ ಪದ ಇತ್ತು. ಹೇಳುವ ಧೈರ್ಯವೂ ಇತ್ತು. ಮುಂದಿನ ಹೆಜ್ಜೆ ನಿನ್ನದು ಎಂದು ಯಾರೋ ಕಚೇರಿಯಲ್ಲಿ ಕೂತು ನೇರವಾಗಿ ಒಂದು ವಾಕ್ಯ ಬರೆದಿರಬೇಕಿತ್ತು.

ಕಾಕ್‌ಪಿಟ್ಟಿನಲ್ಲಿ ಹಿಡಿತ ಕೈ ಬದಲಾಯಿಸುವುದಕ್ಕೂ ಮಾತು ಗೊತ್ತುಮಾಡಿದೆ. ಒಬ್ಬರು "ಐ ಹ್ಯಾವ್ ಕಂಟ್ರೋಲ್" ಅನ್ನಬೇಕು, ಇನ್ನೊಬ್ಬರು "ಯು ಹ್ಯಾವ್ ಕಂಟ್ರೋಲ್" ಅಂದು ಕೈ ಬಿಡಬೇಕು. ಇದನ್ನು ಬಾಯಿಬಿಟ್ಟು ಹೇಳದೆ ಹೋದರೆ ಏನಾಗುತ್ತದೆ ಅನ್ನುವುದು 2014ರ ಡಿಸೆಂಬರ್ 28ರಂದು ಜಾವಾ ಸಮುದ್ರಕ್ಕೆ ಬಿದ್ದ ಏರ್‌ಏಷ್ಯಾ 8501ರಲ್ಲಿ ಕಂಡಿತು. 162 ಜನ. ವಿಮಾನದ ಮೂತಿ ಮೇಲೆದ್ದು ನಿಲ್ಲುತ್ತಿದ್ದಾಗ ಕ್ಯಾಪ್ಟನ್ ಹೇಳಿದ್ದು "ಪುಲ್ ಡೌನ್". ಕೋಲನ್ನು ಎಳೆದರೆ ಮೂತಿ ಏಳುತ್ತದೆ, ತಳ್ಳಿದರೆ ಇಳಿಯುತ್ತದೆ. ಎಳೆದು ಇಳಿಸು ಅಂದರೆ ಕೇಳಿದವನು ಯಾವುದನ್ನು ಮಾಡಬೇಕು? ಪಕ್ಕದವರು ಎಳೆಯುತ್ತಲೇ ಇದ್ದರು. ಹಿಡಿತ ನನ್ನದು ಎಂಬ ಗೊತ್ತಾದ ಮಾತು ಬರಲೇ ಇಲ್ಲ.

ಇಷ್ಟೆಲ್ಲ ಮನುಷ್ಯರ ನಡುವಿನ ಮಾತು. ಈಗ ಯಂತ್ರವೂ ಮಾತಾಡುತ್ತದೆ. ಹೊಸಬರಿಗೆ ಪಾಠ ಹೇಳುವಾಗ ಅವರು ತೀರ ತಬ್ಬಿಬ್ಬಾಗುವುದು ಇಲ್ಲೇ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತ ಮೇಲೆ, ನಮ್ಮ ದೇಶ ವಿಮಾನಗಳಲ್ಲಿ ಟಿಕ್ಯಾಸ್ ಎಂಬ ಡಿಕ್ಕಿ ತಪ್ಪಿಸುವ ಯಂತ್ರ ಕಡ್ಡಾಯ ಮಾಡಿತು. ಎರಡು ವಿಮಾನ ಅಪಾಯದಷ್ಟು ಹತ್ತಿರ ಬಂದರೆ ಆ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಅನ್ನುತ್ತವೆ. ಒಳ್ಳೆಯದೇ. ಆದರೆ ಅದೇ ಹೊತ್ತಿಗೆ ನಾನು ಉಲ್ಟಾ ಹೇಳಿದರೆ?

2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್ಲಿಂಗನ್ ಮೇಲೆ. ರಷ್ಯಾದ ಉಫಾ ನಗರದ ಶಾಲಾ ಮಕ್ಕಳು ತುಂಬಿದ್ದ ಟುಪೊಲೆವ್ ಒಂದು, ಡಿಎಚ್‌ಎಲ್‌ನ ಸರಕು ವಿಮಾನ ಇನ್ನೊಂದು. ಜ್ಯೂರಿಕ್‌ನಲ್ಲಿ ಕೂತಿದ್ದ ಕಂಟ್ರೋಲರ್ ಒಬ್ಬನೇ ಎರಡು ಪರದೆ ನೋಡುತ್ತಿದ್ದ, ಫೋನು ಬೇರೆ ಕೆಟ್ಟಿತ್ತು. ಅವನು ಟುಪೊಲೆವ್‌ಗೆ ಇಳಿ ಅಂದ. ಅದರೊಳಗಿನ ಟಿಕ್ಯಾಸ್ ಏರು ಅಂತು. ಏರು ಅನ್ನುತ್ತಿದೆಯಲ್ಲ ಅಂತ ಕೋ-ಪೈಲಟ್ ಹೇಳಿದ್ದೂ, ಆತ ನಮ್ಮನ್ನು ಇಳಿಸುತ್ತಿದ್ದಾನೆ ಅಂತ ಉತ್ತರ ಬಂದದ್ದೂ ಧ್ವನಿಮುದ್ರಣದಲ್ಲಿದೆ. ಮನುಷ್ಯನ ಮಾತು ಕೇಳಿ ಇಳಿದರು. ಡಿಎಚ್‌ಎಲ್ ವಿಮಾನ ತನ್ನ ಯಂತ್ರದ ಮಾತು ಕೇಳಿ ಇಳಿಯುತ್ತಿತ್ತು. 71 ಜನ. ಆ ಕಂಟ್ರೋಲರನನ್ನು ಎರಡು ವರ್ಷ ತುಂಬುವ ಮೊದಲೇ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ ಮನೆಗೆ ಹೋಗಿ ಕೊಂದ. ಅದರ ಬಗ್ಗೆ ನಾವು ಕೆಲಸದವರು ನಮ್ಮನಮ್ಮಲ್ಲೂ ಹೆಚ್ಚು ಮಾತಾಡುವುದಿಲ್ಲ.

ಈಗ ನಿಯಮದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಯಂತ್ರ ಏರು ಅಂದರೆ, ನಾನು ಇಳಿ ಅಂದಿದ್ದರೂ, ಏರಬೇಕು. ಪೈಲಟ್ "ಟಿಕ್ಯಾಸ್ ಆರ್‌ಎ" ಅನ್ನುತ್ತಾರೆ, ಯಂತ್ರದ ಸೂಚನೆಯಂತೆ ಹೋಗುತ್ತಿದ್ದೇನೆ ಎಂದರ್ಥ. ನಾನು ಆಡಬೇಕಾದ್ದು "ರೋಜರ್". ಕೇಳಿಸಿತು, ಅಷ್ಟೇ. ಆ ಕ್ಷಣದಿಂದ ಅದರ ದಾರಿ ಬದಲಿಸುವ ಒಂದು ಮಾತನ್ನೂ ನಾನು ಆಡುವ ಹಾಗಿಲ್ಲ. ಸುತ್ತಲಿನ ವಿಮಾನ ಎಲ್ಲಿದೆ ಎಂಬ ಮಾಹಿತಿ ಬೇಕಾದರೆ ಕೊಡಬಹುದು. "ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್", ಅಂದರೆ ಅಪಾಯ ಕಳೆಯಿತು, ಅಂತ ಆ ಕಡೆಯಿಂದ ಬಂದ ಮೇಲೇ ಅದು ಮತ್ತೆ ನನ್ನ ಕೈಗೆ. ಅಷ್ಟರೊಳಗೆ, ಅದು ಏರಿದ ಎತ್ತರದಲ್ಲೋ ಇಳಿದ ಎತ್ತರದಲ್ಲೋ ಬರುತ್ತಿರುವ ಉಳಿದವರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿಸಬೇಕು, ಪ್ಲೀಸ್ ಇಲ್ಲದೆ.